ಮೂರು ಗಂಟೆಯ ಸರದಿ

ದೆವ್ವದ ಕತೆ ಹೇಳುವವರು ಸಾಮಾನ್ಯವಾಗಿ ಗೆಳೆಯನ ಗೆಳೆಯನ ಹೆಸರು ತೆಗೆಯುತ್ತಾರೆ. ವಿಚಾರಿಸಲು ಹೋದರೆ ಆ ಮನುಷ್ಯ ಊರು ಬಿಟ್ಟು ಹೋಗಿರುತ್ತಾನೆ. ನನಗೆ ಆ ಸೌಲಭ್ಯ ಇಲ್ಲ. ಇದು ನನ್ನ ಚಿಕ್ಕಮ್ಮನ ಮಗ ಮುನ್‌ಗಿಗೆ ಆದದ್ದು. ಅವನು ಇನ್ನೂ ನಮ್ಮ ಕಡಲ ತೀರದ ಊರು ಗಾಲ್ಮೆಯಲ್ಲೇ ಇದ್ದಾನೆ. ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಫೋನ್ ಮಾಡಿದರೆ ಎತ್ತುತ್ತಾನೆ. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ. ನಾನು ಸಿಯೋಲ್‌ನಲ್ಲಿ ಕಾಲೇಜು ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ದೇವರನ್ನು ನಂಬುವುದಿಲ್ಲ. ದೇವರನ್ನು ಬಿಟ್ಟು ದೆವ್ವವನ್ನು ಮಾತ್ರ ಇಟ್ಟುಕೊಂಡವರನ್ನು ಕಂಡರೆ ನಗು ಬರುತ್ತದೆ.

ದೀಪ ಆರಿಸಬೇಕಾಗಿಲ್ಲ. ಹಾಗೇ ಕೇಳಿ.

ಆ ಚಳಿಗಾಲ ಮುನ್‌ಗಿ ದಿನಾ ರಾತ್ರಿ ಒಂದೂಮುಕ್ಕಾಲಿಗೆ ಮನೆ ಬಿಡುತ್ತಿದ್ದ. ಮನೆಯಿಂದ ಚರ್ಚಿಗೆ ಹತ್ತು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಊರಿನ ಮುದಿ ಮರ, ಅದರ ಬುಡದಲ್ಲಿ ಬೇಸಿಗೆಯಲ್ಲಿ ಮುದುಕರು ಕೂರುವ ಕಟ್ಟೆ. ಮಂಜು ಬಿದ್ದು ಇಪ್ಪತ್ತು ದಿನವಾಗಿತ್ತು, ರಸ್ತೆ ಒಣಗಿ ಕಲ್ಲಿನಂತೆ ಬಿರುಸಾಗಿತ್ತು. ಅವನು ಮರ ದಾಟುತ್ತಿದ್ದ. ಹತ್ತು ಹೆಜ್ಜೆ... ಹದಿನೈದು ಹೆಜ್ಜೆ...

ಪಚಕ್.

ಅವನು ನಿಂತರೆ ಅದೂ ನಿಲ್ಲುತ್ತಿತ್ತು. ನಡೆದರೆ... ಪಚಕ್... ಪಚಕ್... ನೀರು ತುಂಬಿದ ರಬ್ಬರ್ ಬೂಟು ನೆಲಕ್ಕೆ ಊರಿದಾಗ ಒಂದು ಶಬ್ದ, ಎತ್ತುವಾಗ ಇನ್ನೊಂದು ಶಬ್ದ. ಮೀನುಗಾರರ ಊರಿನಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾರ ಬೂಟು ಎಂದೂ ಮುನ್‌ಗಿಗೆ ಹೇಳಬೇಕಾಗಿರಲಿಲ್ಲ.

ಅಕ್ಟೋಬರಿನಲ್ಲಿ ಮುನ್‌ಗಿ ಮತ್ತು ಸೊಕ್‌ಹೊ ಇಬ್ಬರೂ ಮೀನು ಹಿಡಿಯಲು ಸಮುದ್ರಕ್ಕೆ ಹೋಗಿದ್ದರು. ದೋಣಿ ಸೊಕ್‌ಹೊನದು, ಮುನ್‌ಗಿಗಿಂತ ಆರು ವರ್ಷ ದೊಡ್ಡವನು, ಅವನಿಗೆ ಬಲೆ ಬಿಡುವುದನ್ನು ಕಲಿಸಿದವನು. ಅಲೆ ಮಗುಚಿ ಹಾಕಿತು. ಬೆಳಿಗ್ಗೆ ಬೇರೆ ದೋಣಿಯವರು ಮುನ್‌ಗಿಯನ್ನು ಎತ್ತಿಕೊಂಡರು. ಅವನ ತೋಳಿನಲ್ಲಿ, ಮುಳುಗದಂತೆ ಹಿಡಿದುಕೊಳ್ಳುವ ಒಂದು ತೇಲುಬುರುಡೆ ಇತ್ತು. ದೋಣಿಯಲ್ಲಿ ಇದ್ದದ್ದೇ ಒಂದು. ಸೊಕ್‌ಹೊ ಸಿಗಲಿಲ್ಲ. ಆ ಒಂದು ಬುರುಡೆ ಹೇಗೆ ಇವನ ಕೈಗೆ ಬಂತು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಕೇಳದೆ ಇರುವುದನ್ನು ನಮ್ಮೂರವರು ಬಹಳ ಚೆನ್ನಾಗಿ ಮಾಡುತ್ತಾರೆ. ಪ್ರತಿಯೊಬ್ಬರೂ ಅವನ ಎದುರಿಗೆ ಕೇಳದೆ ಇದ್ದರು.

ನವೆಂಬರಿನಲ್ಲಿ ಅವನು ನಿದ್ದೆ ಬಿಟ್ಟ. ಡಿಸೆಂಬರಿನಲ್ಲಿ ಒಂದು ಸಂಜೆ ಜೇಬಿಗೆಲ್ಲ ಕಲ್ಲು ತುಂಬಿಕೊಂಡು ಬಂದರಿನ ಅಲೆತಡೆ ಗೋಡೆಯ ತುದಿಗೆ ಹೋದ. ಚಿಕ್ಕಮ್ಮ ಹಿಂದೆ ಓಡಿ ಅಂಗಿ ಹಿಡಿದುಕೊಂಡಳು. ನಾನು ಫೋನಿನಲ್ಲಿ ಜೋರು ಮಾಡಿ ನಗರದ ಆಸ್ಪತ್ರೆಗೆ ಕಳಿಸಿದೆ. ಮಾತ್ರೆ ಕೊಟ್ಟರು. ಮಾತ್ರೆಯಿಂದ ಕೈ ನಡುಗುವುದು ನಿಂತಿತು. ಬೂಟು ನಿಲ್ಲಲಿಲ್ಲ.

ಆಮೇಲೆ ಚರ್ಚಿನವರು ಕೈ ಹಾಕಿದರು. ಪಾಸ್ಟರ್ ಮನೆಗೆ ಬಂದು ಹೇಳಿದ್ದು ಎರಡೇ ಮಾತು. "ಮಾತ್ರೆ ಬಿಡ್ಬೇಡ, ಅದೂ ಕರ್ತನೇ ಕೊಟ್ಟಿದ್ದು. ಇನ್ನು ನಲವತ್ತು ದಿನ ನಿನಗೋಸ್ಕರ ಪ್ರಾರ್ಥನೆ ನಿಲ್ಲಲ್ಲ, ಹಗಲೂ ಇಲ್ಲ ರಾತ್ರೀನೂ ಇಲ್ಲ." ಇದು ನಮ್ಮ ಕಡೆಯ ಚರ್ಚುಗಳ ಹಳೆಯ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಸರದಿ. ಕೂತವನು ಕಣ್ಣು ಮುಚ್ಚಿ ಬಾಯಿಬಿಟ್ಟು ಪ್ರಾರ್ಥಿಸುತ್ತಿರಬೇಕು. ಮುಂದಿನವನು ಬಂದು ಪಕ್ಕದಲ್ಲಿ ಮಂಡಿಯೂರಿ, ತನ್ನ ಪ್ರಾರ್ಥನೆ ಶುರುಮಾಡಿ, ಇವನ ಬೆನ್ನಿಗೆ ಎರಡು ಸಲ ಮೆಲ್ಲಗೆ ತಟ್ಟುತ್ತಾನೆ. ಆಗ ಇವನು ಏಳಬಹುದು. ತಿರುಗಿ ನೋಡುವಂತಿಲ್ಲ, ಮಾತಾಡುವಂತಿಲ್ಲ. ಎಳೆ ಕಡಿಯಬಾರದು. ಮುಂದಿನವನು ತಡಮಾಡಿದರೆ? ಬೆನ್ನಿಗೆ ಕೈ ಬೀಳುವ ತನಕ ಏಳುವಂತಿಲ್ಲ, ಬೆಳಗಾದರೂ ಸರಿ. ಹಿಂದೆ ಒಬ್ಬ ಹಿರಿಯ ಹಾಗೆ ಒಂಬತ್ತು ಗಂಟೆ ಕೂತಿದ್ದನಂತೆ. ಮುಂದಿನವನಿಗೆ ಬಸ್ಸು ತಪ್ಪಿತ್ತು. ಇದನ್ನು ಭಕ್ತಿಯ ಕತೆಯಾಗಿ ಹೇಳುತ್ತಾರೆ. ನನಗೆ ಬಸ್ಸಿನ ಕತೆಯಾಗಿ ಕೇಳಿಸುತ್ತದೆ.

ರಾತ್ರಿ ಎರಡರಿಂದ ಮೂರರ ಸರದಿ ಯಾರಿಗೂ ಬೇಡವಾಗಿತ್ತು. ಮುನ್‌ಗಿಯೇ ಕೇಳಿ ತೆಗೆದುಕೊಂಡ. "ಹೇಗೂ ಎಚ್ಚರ ಇರ್ತೀನಲ್ಲ," ಎಂದ. ಮೂರರಿಂದ ನಾಲ್ಕು ಪಾಂಗ್ ಅಜ್ಜಿಯದು. ಎಂಬತ್ತು ದಾಟಿದ ಹೆಂಗಸು, ಆ ಚರ್ಚಿನ ಬೆಳಗಿನ ಪ್ರಾರ್ಥನೆಯನ್ನು ನಲವತ್ತು ವರ್ಷದಲ್ಲಿ ತಪ್ಪಿಸಿದವಳಲ್ಲ. ನಾಲ್ಕು ಗಂಟೆಗೆ ಪಾಸ್ಟರ್ ಪಕ್ಕದ ಬಾಗಿಲಿಂದ ಬಂದು ದೀಪ ಹಾಕಿ ವೇದಿಕೆಯ ಬಳಿ ಪ್ರಾರ್ಥನೆಗೆ ಕೂರುತ್ತಿದ್ದರು. ಅವರು ಯಾರ ಬೆನ್ನೂ ತಟ್ಟುತ್ತಿರಲಿಲ್ಲ. ಅಜ್ಜಿ ಹೇಗೂ ಬೆಳಗಿನ ಪ್ರಾರ್ಥನೆ ಮುಗಿಯುವ ತನಕ ಕೂತೇ ಇರುವವಳು. ಅವಳನ್ನು ಎಬ್ಬಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಮೊದಲ ರಾತ್ರಿ ಬೂಟು ಚರ್ಚಿನ ಬಾಗಿಲ ತನಕ ಬಂತು. ಮುನ್‌ಗಿ ತನ್ನ ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಮಂಡಿಯೂರಿದ. ಹೊರಗೆ ಏನೂ ಕೇಳಿಸಲಿಲ್ಲ. ಹೋಗಲಿಲ್ಲ, ನಿಂತಿದೆ, ಅಷ್ಟೇ. ಅವನ ಬಾಯಿಂದ ಪ್ರಾರ್ಥನೆ ಬರಲಿಲ್ಲ. ಒಂದು ಗಂಟೆ "ಕರ್ತನೇ, ಕರ್ತನೇ" ಎಂದಷ್ಟೇ ಹಲ್ಲು ಕಡಿಯುತ್ತ ಹೇಳಿದ. ಮೂರಕ್ಕೆ ಪಾಂಗ್ ಅಜ್ಜಿಯ ಬಟ್ಟೆ ಚಪ್ಪಲಿಯ ಸರ್... ಸರ್... ಮಂಡಿಯ ಟಕ್. ನೋವಿನ ಪಟ್ಟಿಯ ಕರ್ಪೂರದ ವಾಸನೆ. ಅವಳು ಬೆನ್ನು ತಟ್ಟಿದಳು. ಅವನು ಏಳಲಿಲ್ಲ. ಅಜ್ಜಿ ನಿಯಮ ಮುರಿದು ಕಿವಿಯ ಹತ್ತಿರ ಬಂದಳು.

"ಯಾಕೋ, ಎದ್ದು ಹೋಗಲ್ವಾ?"

"ಹೊರಗೆ..."

"ಹೊರಗೆ ಯಾರಿದಾರೆ? ಸೊಕ್‌ಹೊನಾ?"

ಅವನು ತಲೆಯಾಡಿಸಿದ.

"ಇರ್ಲಿ ಬಿಡು. ರಸ್ತೆ ಊರಿಂದು, ಅವನೂ ಓಡಾಡ್ತಾನೆ. ನೀನು ತಿರುಗ್ಬೇಡ, ಅಷ್ಟೇ. ತಿರುಗಿದ್ರೆ ಮಾತಾಡ್ಬೇಕಾಗುತ್ತೆ. ಈಗ ನಿನ್ನ ಹತ್ರ ಮಾತಿಲ್ಲ."

"ಅಜ್ಜೀ, ನಂಗೆ ಹುಚ್ಚು ಹಿಡೀತಿದೆಯಾ?"

"ಹಿಡಿದ್ರೆ ಹಿಡೀಲಿ, ಹುಚ್ಚರಿಗೂ ಅವನೇ ಕರ್ತ. ನೋಡೋ, ಮೂರರ ತನಕ ನೀನು ಅಳು. ಮೂರಕ್ಕೆ ಬೆನ್ನಿಗೆ ಕೈ ಬಿತ್ತು ಅಂದ್ರೆ ಅಲ್ಲಿಂದಾಚೆಗಿನ ರಾತ್ರಿ ನನ್ನದು. ನಿಂಗೆ ಅದ್ರಲ್ಲಿ ಪಾಲಿಲ್ಲ. ಹೋಗಿ ಮಲಕ್ಕೋ."

ಅವನು ಎದ್ದು ಬಾಗಿಲಿಗೆ ಹೋಗುವಾಗ ಹಿಂದಿನಿಂದ ಅವಳ ಪ್ರಾರ್ಥನೆ ಕೇಳಿಸಿತಂತೆ. "ಕರ್ತನೇ, ಈ ಹುಡುಗ ಹೆದರಿದಾನೆ. ಹೆದರ್ಬೇಡ ಅಂತ ನಾನು ಹೇಳಲ್ಲ, ನಂಗೂ ಹೆದರಿಕೆ ಇದೆ. ನೀನು ಬಂದು ಪಕ್ಕದಲ್ಲಿ ಕೂತ್ಕೋ. ಏನೂ ಮಾಡ್ಬೇಡ, ಕೂತ್ಕೋ, ಸಾಕು."

ಆ ಚರ್ಚಿನಲ್ಲಿ ನಾನು ಕೇಳಿದ ಉಪದೇಶಗಳೆಲ್ಲ ಸೇರಿದರೂ ಈ ನಾಲ್ಕು ವಾಕ್ಯದ ತೂಕ ಬರುವುದಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ವಾಪಸ್ ಬರುವಾಗಲೂ ಬೂಟು ಹಿಂದೆಯೇ ಇತ್ತು. ಆದರೆ ಅವನು ತಿರುಗಲಿಲ್ಲ. ಮನೆ ಸೇರಿ ಎರಡು ಗಂಟೆ ಮಲಗಿದ. ತಿಂಗಳಲ್ಲಿ ಅದೇ ಮೊದಲು. ಹೀಗೆ ಇಪ್ಪತ್ತೆರಡು ರಾತ್ರಿ. ಎರಡು ಗಂಟೆಗೆ ಹೋಗುವುದು, ಪಚಕ್ ಪಚಕ್, ಅಳುವುದು, ಬೆನ್ನಿಗೆ ಕೈ, ವಾಪಸ್, ಪಚಕ್ ಪಚಕ್, ಎರಡು ಗಂಟೆ ನಿದ್ದೆ. ಅದರಾಚೆಗೆ ಹೋಗಲಿಲ್ಲ.

ಇಪ್ಪತ್ಮೂರನೆಯ ರಾತ್ರಿಯಿಂದ ಬದಲಾಯಿತು. ಆ ರಾತ್ರಿ ಬೂಟು ಎಂದಿನಂತೆ ಬಾಗಿಲ ತನಕ ಬಂತು. ಮೂರಕ್ಕೆ ಬೆನ್ನಿಗೆ ಎರಡು ತಟ್ಟು ಬಿತ್ತು. ಅವನು ಎದ್ದು ಹೊರಟ. ದಾರಿಯಲ್ಲಿ... ಏನೂ ಇಲ್ಲ. ಮರದ ಕೆಳಗೂ ಇಲ್ಲ. ಅವನದೇ ಹೆಜ್ಜೆ, ಸಮುದ್ರದ ಗುಂಯ್ ಶಬ್ದ. ಬೆಳಿಗ್ಗೆ ಒಂಬತ್ತರ ತನಕ ಮಲಗಿದ. ಮಾರನೆಯ ರಾತ್ರಿ ಹೋಗುವಾಗಲೂ ಬೂಟಿಲ್ಲ, ಬರುವಾಗಲೂ ಇಲ್ಲ. ಅದರ ಮಾರನೆಯ ರಾತ್ರಿಯೂ ಇಲ್ಲ. ಅವನು ಊಟ ಮಾಡತೊಡಗಿದ. ಚಿಕ್ಕಮ್ಮ ನನಗೆ ಫೋನ್ ಮಾಡಿ ಅತ್ತಳು. "ನೋಡಿದ್ಯೇನೋ ಮೇಷ್ಟ್ರೇ, ನಿನ್ನ ಮಾತ್ರೆ ಕೈಲಾಗದ್ದು ಪ್ರಾರ್ಥನೆ ಮಾಡ್ತು." ಮಾತ್ರೆಗೆ ಕೆಲಸ ಮಾಡಲು ಆರು ವಾರ ಬೇಕು ಎಂದು ಹೇಳಲು ಬಾಯಿ ತೆರೆದೆ. ಅವಳು ಅಷ್ಟು ಖುಷಿಯಾಗಿದ್ದಳು. ಬಾಯಿ ಮುಚ್ಚಿದೆ.

ನಾನು ಊರಿಗೆ ಹೋದದ್ದು ನಲವತ್ತನೆಯ ದಿನ. ಭಾನುವಾರ. ಆ ರಾತ್ರಿ ಕಳೆದರೆ ಮುಗಿಯಿತು. ಚರ್ಚಿನಲ್ಲಿ ಮಧ್ಯಾಹ್ನ ಎಲ್ಲರಿಗೂ ಊಟ. ಸಮುದ್ರಸೊಪ್ಪಿನ ಸಾರು, ಅನ್ನ, ಕಿಮ್ಚಿ. ಮುನ್‌ಗಿ ಜನರ ಮಧ್ಯೆ ಬಂದದ್ದು ಅಕ್ಟೋಬರಿನಿಂದ ಅದೇ ಮೊದಲು. ಊಟವಾದ ಮೇಲೆ ನಾವಿಬ್ಬರೂ ಬಟ್ಟಲುಗಳನ್ನು ಹೊತ್ತು ಅಡುಗೆಮನೆಗೆ ಹೋದೆವು. ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಪಾಸ್ಟರ್, ಮತ್ತೆ ಶಾಲೆಯ ವ್ಯಾನ್ ಓಡಿಸುವ ಪ್ಯೊ.

"ಪಾಸ್ಟರ್, ಇವತ್ತು ಮುಗಿಯುತ್ತಲ್ಲ... ಅದಕ್ಕೆ ಮುಂಚೆ ಒಂದು ಹೇಳ್ಬೇಕು."

"ಹೇಳಿ ಪ್ಯೊ ಅವರೇ."

"ಪಾಂಗ್ ಅಜ್ಜಿ ತೀರ್ಕೊಂಡಾಗ ಆ ಮೂರು ಗಂಟೆ ಸರದಿ ನಂಗೆ ಕೊಟ್ರಿ..."

"ಹೌದು. ದೊಡ್ಡ ಕೆಲಸ ಮಾಡಿದ್ರಿ. ಹುಡುಗನ ಮುಖ ನೋಡಿ ಹೇಗಾಗಿದೆ!"

"ನಾನು ಬಂದಿಲ್ಲ ಪಾಸ್ಟರ್."

"ಯಾವತ್ತು?"

"ಯಾವತ್ತೂ. ಒಂದು ರಾತ್ರೀನೂ ಬಂದಿಲ್ಲ. ಬೆಳಿಗ್ಗೆ ಆರಕ್ಕೆ ವ್ಯಾನ್ ತೆಗೀಬೇಕು... ಮೊದಲ್ನೇ ರಾತ್ರಿ ನಿದ್ದೆ ಹೋದೆ. ಮಾರನೇ ದಿನ ಯಾರೂ ಏನೂ ಅನ್ಲಿಲ್ಲ. ನಾಲ್ಕಕ್ಕೆ ನಾನು ಕಾಣ್ದೇ ಇದ್ರೆ ವ್ಯಾನಿಗೆ ಎದ್ದು ಹೋಗಿದೀನಿ ಅಂತ ನೀವೂ ಅಂದ್ಕೊಂಡ್ರಿ. ಹುಡುಗ ಬೇರೆ ಚೆನ್ನಾಗಾಗ್ತಿದ್ದ. ಸರಿ ಹೇಗೂ ನಡೀತಿದೆಯಲ್ಲ ಅಂತ..."

ಅವನು ಅಳತೊಡಗಿದ. ಸಿನಿಮಾದಲ್ಲಾದರೆ ಈಗ ಬಟ್ಟಲು ಬೀಳಬೇಕು. ಮುನ್‌ಗಿಯ ಕೈಯಿಂದ ಏನೂ ಬೀಳಲಿಲ್ಲ. ಬಟ್ಟಲುಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. ಒಳಗೆ ಹೋದ.

"ಅಜ್ಜಿ ಯಾವಾಗ ತೀರ್ಕೊಂಡ್ರು?"

ಪಾಸ್ಟರ್ ಮುಖ ಬಿಳಚಿತು. "ಮುನ್‌ಗಿ... ಕೂತ್ಕೋ."

"ಯಾವಾಗ?"

"ಇಪ್ಪತ್ಮೂರನೇ ದಿನ ಮಧ್ಯಾಹ್ನ ಬಿದ್ರು. ನಗರಕ್ಕೆ ಕರ್ಕೊಂಡು ಹೋದ್ವಿ, ಸಂಜೆಗೇ ಮುಗೀತು. ಮಗ ಅಲ್ಲೇ ಮಣ್ಣು ಮಾಡಿದ. ನಿನ್ನ ಮನಸ್ಸು ಆಗ ತಾನೇ... ಇನ್ನೊಂದು ಸಾವು ಬೇಡ ಅಂತ ನಾವೆಲ್ಲ ಮಾತಾಡ್ಕೊಂಡ್ವಿ. ನಿಮ್ಮಮ್ಮನೂ ಒಪ್ಪಿದ್ರು. ತಪ್ಪು ನಂದು."

ನಮ್ಮೂರವರು ಒಂದು ವಿಷಯವನ್ನು ಹೇಳದೆ ಇರಲು ತೀರ್ಮಾನಿಸಿದರೆ ಐವತ್ತು ಜನವೂ ಹೇಳುವುದಿಲ್ಲ. ಮೊದಲೇ ಹೇಳಿದೆನಲ್ಲ.

ಪ್ಯೊ ಕಣ್ಣೊರೆಸಿಕೊಂಡ. "ಇವತ್ತು ಒಂದು ರಾತ್ರಿಯಾದ್ರೂ ಬರ್ತೀನಿ ಕಣೋ. ಕ್ಷಮಿಸು. ಮೂರಕ್ಕೆ ಸರಿಯಾಗಿ..."

"ಬೇಡ ಅಣ್ಣ," ಎಂದ ಮುನ್‌ಗಿ. "ಆ ಜಾಗದಲ್ಲಿ ಜನ ಇದಾರೆ."

ಎಂದವನೇ ಹೊರಗೆ ಹೋದ.

ಅವನನ್ನು ಹುಡುಕಲು ನನಗೆ ಒಂದು ಗಂಟೆ ಹಿಡಿಯಿತು. ಮೊದಲು ನೋಡಬೇಕಾದ ಜಾಗವನ್ನು ಕೊನೆಗೆ ನೋಡಿದೆ, ಓದಿದವರ ಲಕ್ಷಣ. ಅಲೆತಡೆಯ ತುದಿಯಲ್ಲಿ ಕೂತಿದ್ದ. ಜಾಕೆಟ್ಟಿನ ಎರಡೂ ಜೇಬು ಉಬ್ಬಿದ್ದವು.

ಅವನ ಮತ್ತು ನೀರಿನ ನಡುವೆ ಹೋಗಿ ಕೂರಲು ಜಾಗ ಇರಲಿಲ್ಲ. ಪಕ್ಕದಲ್ಲಿ ಕೂತೆ. ಅವನ ತೋಳು ಹಿಡಿದುಕೊಂಡೆ.

"ಪ್ಯೊ ಬರಲಿಲ್ಲ. ಸರಿ," ಎಂದೆ. "ಇಪ್ಪತ್ತೆರಡು ರಾತ್ರಿ ಮೂರು ಗಂಟೆಗೆ ಅಜ್ಜಿ ತಟ್ಟಿದ್ರು. ಇಪ್ಪತ್ಮೂರನೇ ರಾತ್ರಿ ನೀನಾಗೇ ಎದ್ದೆ. ಮೈಗೆ ಅಭ್ಯಾಸ ಆಗಿರುತ್ತೆ. ನಿದ್ದೆಗೆಟ್ಟವನಿಗೆ ಇನ್ನೂ ಸುಲಭ. ಇದರಲ್ಲಿ ಏನೂ ಇಲ್ಲ."

"ಅಣ್ಣ, ಇಪ್ಪತ್ಮೂರರಿಂದ ಚಪ್ಪಲಿ ಸದ್ದು ಇರ್ಲಿಲ್ಲ."

"ಅದೇ ನಾನು ಹೇಳೋದು."

"ಮಂಡಿ ಸದ್ದೂ ಇರ್ಲಿಲ್ಲ, ಪ್ರಾರ್ಥನೆ ದನೀನೂ ಇರ್ಲಿಲ್ಲ, ಕರ್ಪೂರದ ವಾಸನೇನೂ ಇರ್ಲಿಲ್ಲ. ಗಮನಿಸಿದೀನಿ, ಗಮನಿಸಿಲ್ಲ ಅನ್ನೋ ಹಾಗೆ ಇದ್ದೆ. ಚೆನ್ನಾಗಿ ನಡೀತಿರೋದನ್ನ ಯಾರು ಕೆದಕ್ತಾರೆ?" ಅವನು ನೀರಿನ ಕಡೆಗೇ ನೋಡುತ್ತಿದ್ದ. "ಕೈ ಮಾತ್ರ ಇತ್ತು. ದೊಡ್ಡ ಕೈ. ಮನೆಗೆ ಬಂದು ಜಾಕೆಟ್ ಬಿಚ್ಚಿದ್ರೆ ಬೆನ್ನು ಒದ್ದೆ. ಅಮ್ಮ ದಿನಾ ಒಲೆ ಹತ್ರ ಒಣಗ್ಸೋಳು, ಬೆವರು ಅಂತ. ಮೈನಸ್ ಒಂಬತ್ತರಲ್ಲಿ ಬೆವರು! ಮೈಗೆ ಅಭ್ಯಾಸ ಆಗುತ್ತೆ ಅಂದ್ಯಲ್ಲ, ಜಾಕೆಟ್ಟಿಗೂ ಆಗುತ್ತಾ?"

ನಾನು ಅವನ ಜಾಕೆಟ್ಟಿನ ಬೆನ್ನಿನ ಕಡೆ ಕಣ್ಣು ಹಾಯಿಸಿದೆ.

"ಬೂಟು ಇಪ್ಪತ್ಮೂರನೇ ರಾತ್ರಿ ಬಾಗಿಲ ತನಕ ಬಂತು. ಆಮೇಲೆ ಹೊರಗೆಲ್ಲೂ ಇಲ್ಲ. ಯಾಕೆ ಅಂತ ಹೇಳು."

"ನೀನೇ ಹೇಳು."

"ಆ ರಾತ್ರಿ ಮೂರಕ್ಕೆ ಜಾಗ ಖಾಲಿ ಇತ್ತು. ಅವನು ಬೂಟು ಬಿಚ್ಚಿ ಒಳಗೆ ಬಂದ." ಅವನ ದನಿ ಪಿಸುಮಾತಾಗಿತ್ತು. "ಬಂದು ಕೂತ. ನಂಗೋಸ್ಕರ... ಅಣ್ಣ, ಬುರುಡೆ ಅವನು ಕೊಟ್ಟಿದ್ದಲ್ಲ. ನಾನು ಕಿತ್ಕೊಂಡಿದ್ದು. ಬೆರಳು ಒಂದೊಂದೇ ಬಿಡಿಸ್ದೆ."

ಸಮುದ್ರ ಕಲ್ಲಿಗೆ ಹೊಡೆದು ಹಿಂದೆ ಹೋಗುವಾಗ ಸುಂಯ್ ಎನ್ನುತ್ತಿತ್ತು. ನಾನು ಅವನ ತೋಳನ್ನು ಇನ್ನಷ್ಟು ಬಿಗಿ ಹಿಡಿದೆ. ಅವನು ಎದ್ದರೆ ನನ್ನನ್ನೂ ಎಳೆದುಕೊಂಡು ಹೋಗಬಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹತ್ತು ನಿಮಿಷವೋ, ಅರ್ಧ ಗಂಟೆಯೋ. ಒಂದು ಸಲ ಅವನ ಮೈ ಮುಂದಕ್ಕೆ ವಾಲಿತು. ಆಮೇಲೆ ನಿಂತಿತು. ಅವನು ಏನನ್ನೋ ಲೆಕ್ಕ ಹಾಕುತ್ತಿರುವವನ ಹಾಗೆ ಹುಬ್ಬು ಗಂಟಿಕ್ಕಿದ.

"ನಾಲ್ಕಕ್ಕೆ ಪಾಸ್ಟರ್ ಬೆನ್ನು ತಟ್ಟಲ್ಲ," ಎಂದ.

"ಏನು?"

"ಅಜ್ಜೀನ ಯಾರೂ ತಟ್ತಿರ್ಲಿಲ್ಲ. ಅಂದ್ರೆ ಅವನನ್ನೂ ಯಾರೂ ತಟ್ಟಿಲ್ಲ. ಕೈ ಬೀಳದೆ ಏಳೋ ಹಾಗಿಲ್ಲ." ಅವನು ಮೊದಲ ಸಲ ನನ್ನ ಕಡೆ ತಿರುಗಿದ. "ಹದಿನೇಳು ದಿನದಿಂದ ಅಲ್ಲೇ ಕೂತಿದಾನೆ. ನಾನು ಇಲ್ಲಿಂದ ಹಾರಿದ್ರೆ ಅವನನ್ನ ಎಬ್ಬಿಸೋರು ಯಾರು?"

ಜೇಬಿಗೆ ಕೈ ಹಾಕಿ ಕಲ್ಲುಗಳನ್ನು ತೆಗೆದು ಪಕ್ಕದಲ್ಲಿ ಇಟ್ಟ. ಎಸೆಯಲಿಲ್ಲ, ಇಟ್ಟ. ನಾನು ಅವನಿಗೆ ಏನು ಹೇಳಬೇಕಿತ್ತು? ಅದು ಹುಚ್ಚು ತರ್ಕ ಎಂದೇ? ಮನುಷ್ಯ ಬದುಕಲು ಒಂದು ಕಾರಣ ಹುಡುಕಿಕೊಂಡಿದ್ದ. ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಕಾರಣ ಇರಲಿಲ್ಲ.

ಸಂಜೆ ಪಾಸ್ಟರ್ ಬಳಿ ಹೋಗಿ, ಈ ರಾತ್ರಿ ನಾಲ್ಕಕ್ಕೆ ಬರಬೇಡಿ, ಕಾಲು ಗಂಟೆ ತಡವಾಗಿ ಬನ್ನಿ ಎಂದೆ.

"ಯಾಕೆ ಅಂತ ಕೇಳ್ಬೇಕಾ?"

"ಬೇಡ."

"ಸರಿ," ಎಂದರು. ಒಳ್ಳೆಯ ಮನುಷ್ಯ. "ನೀವೂ ಜೊತೆಗಿರ್ತೀರಲ್ಲ?"

ಇದ್ದೆ. ಚಿಕ್ಕಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು, ನಾನು ಬಿಡಲಿಲ್ಲ. ಒಂದೂಮುಕ್ಕಾಲಿಗೆ ಮನೆ ಬಿಟ್ಟೆವು. ಮರ ದಾಟಿದೆವು. ನಮ್ಮಿಬ್ಬರ ನಾಲ್ಕು ಕಾಲಿನ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. ಎಣಿಸಿಕೊಂಡೇ ನಡೆದೆ.

ಚರ್ಚು ಹಳೆಯದು, ಹಲಗೆ ನೆಲ, ಕುರ್ಚಿಗಳಿಲ್ಲ, ಚಪ್ಪಟೆ ದಿಂಬುಗಳು. ವೇದಿಕೆಯ ಬಳಿ ಒಂದು ಸಣ್ಣ ದೀಪ. ಒಂದರಿಂದ ಎರಡರ ಸರದಿಯವನು ಬೆನ್ನು ತಟ್ಟಿಸಿಕೊಂಡು ಆಕಳಿಸುತ್ತ ಹೋದ. ಮುನ್‌ಗಿ ಆಗಲೇ ಮುಂದಿನ ಸಾಲಿನ ದಿಂಬಿನ ಮೇಲೆ ಮಂಡಿಯೂರಿ ಪ್ರಾರ್ಥನೆ ಶುರುಮಾಡಿದ್ದ. ಅವನ ಎಡಗಡೆ ಇನ್ನೊಂದು ದಿಂಬು, ಖಾಲಿ. ನಾನು ಹಿಂದಿನ ಗೋಡೆಗೆ ಒರಗಿ ಕೂತೆ. ಸೀಮೆಎಣ್ಣೆಯ ಹೀಟರ್ ಆರಿತ್ತು. ಅದರ ತಗಡು ತಣ್ಣಗಾಗುತ್ತ ಟಿಣ್... ಟಿಣ್... ಎನ್ನುತ್ತಿತ್ತು.

ಮೂರು ಗಂಟೆ. ನನ್ನ ಗಡಿಯಾರದಲ್ಲಿ ಮೂರಾಗಿ ಹದಿನೈದು ಸೆಕೆಂಡ್. ಮುನ್‌ಗಿ ಒಂದು ವಾಕ್ಯದ ಮಧ್ಯೆ ಪ್ರಾರ್ಥನೆ ನಿಲ್ಲಿಸಿದ. ಜಾಕೆಟ್ಟಿನ ಬೆನ್ನು ಒಂದು ಸಲ ಒಳಗೆ ತಗ್ಗಿತು, ಇನ್ನೊಂದು ಸಲ ತಗ್ಗಿತು. ಉಸಿರೆಳೆದುಕೊಂಡರೂ ಬಟ್ಟೆ ಹಾಗೆ ತಗ್ಗಬಹುದು. ಅವನು ತಲೆ ಬಾಗಿಸಿ ಎದ್ದು, ಎಡಕ್ಕೆ ನೋಡದೆ, ನನ್ನ ಹತ್ತಿರ ಬಂದು ಕೂತ.

"ಬಂತಾ?" ಪಿಸುಗುಟ್ಟಿದೆ.

"ಬಂತು."

"ನಂಗೇನೂ ಕಾಣ್ಲಿಲ್ಲ."

"ನಿಂಗ್ಯಾಕೆ ಕಾಣುತ್ತೆ? ನಿನ್ನ ಸರದಿ ಅಲ್ವಲ್ಲ."

ಒಂದು ಗಂಟೆ ಕೂತಿದ್ದೆವು. ನಾನು ಆ ಖಾಲಿ ದಿಂಬನ್ನೇ ನೋಡಿದೆ. ಅದು ಖಾಲಿ ದಿಂಬು. ಅದರ ಮೇಲೆ ಯಾರೂ ಇರಲಿಲ್ಲ. ಇದನ್ನು ಪ್ರಮಾಣ ಮಾಡಿ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನೂ ಹಾಗೇ ಹೇಳಬೇಕಾಗಿದೆ.

ನಾಲ್ಕು ಗಂಟೆಗೆ ಮುನ್‌ಗಿ ಎದ್ದ. ಗೋಡೆ ಹಿಡಿದುಕೊಂಡು ನಿಂತ. "ಕರ್ತನೇ, ಪಕ್ಕದಲ್ಲಿ ಕೂತ್ಕೋ," ಎಂದ, ಅಜ್ಜಿಯ ಮಾತು. ಮುಂದೆ ಹೋಗಿ ಆ ದಿಂಬಿನ ಪಕ್ಕದಲ್ಲಿ ಮಂಡಿಯೂರಿದ. ಎಲ್ಲ ನಿಯಮದ ಪ್ರಕಾರ. ಮೊದಲು ತನ್ನ ಪ್ರಾರ್ಥನೆ ಶುರುಮಾಡಿದ. ಅವನು ಸೊಕ್‌ಹೊನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ. ಬುರುಡೆಯ ವಿಷಯ, ಬೆರಳುಗಳ ವಿಷಯ, ಒಂದನ್ನೂ ಬಿಡದೆ. ದನಿ ಎರಡು ಸಲ ಒಡೆಯಿತು, ನಿಲ್ಲಲಿಲ್ಲ. ಆಮೇಲೆ ಬಲಗೈ ಎತ್ತಿ ಚಾಚಿದ.

ಕೈ ಗಾಳಿಯಲ್ಲಿ ಮುಂದೆ ಹೋಯಿತು. ಮಂಡಿಯೂರಿದ ಮನುಷ್ಯನ ಬೆನ್ನಿನ ಎತ್ತರದಲ್ಲಿ... ನಿಂತಿತು. ಅವನು ನಿಲ್ಲಿಸಿದ ಎನ್ನಿ, ನನ್ನ ಅಭ್ಯಂತರ ಇಲ್ಲ.

ತಪ್.

ತಪ್.

ಗಾಳಿಯನ್ನು ತಟ್ಟಿದರೆ ಸದ್ದಾಗುವುದಿಲ್ಲ. ಇದು ನೆನೆದ ದಪ್ಪ ಬಟ್ಟೆಯ ಮೇಲೆ ಅಂಗೈ ಬಿದ್ದ ಸದ್ದು. ನಾನು ಇದ್ದದ್ದು ಎಂಟು ಹೆಜ್ಜೆ ದೂರದಲ್ಲಿ. ಎರಡು ಸಲ ಕೇಳಿದೆ.

"ಸಾಕು ಅಣ್ಣ," ಎಂದ ಮುನ್‌ಗಿ ಪಿಸುದನಿಯಲ್ಲಿ. "ಇನ್ನು ನಂದು. ನೀನು ಹೋಗಿ ಮಲಕ್ಕೋ."

ನೆಲದ ಹಲಗೆ ಕಿರ್ ಎಂದಿತು. ಮುನ್‌ಗಿಯ ಕೆಳಗಿನದಲ್ಲ. ಅವನಿಗೂ ನನಗೂ ನಡುವಿನದು. ಆಮೇಲೆ ನನ್ನ ಪಕ್ಕದ್ದು. ಆಮೇಲೆ ಬಾಗಿಲ ಬಳಿಯದು. ಬಾಗಿಲು ತೆರೆಯಲಿಲ್ಲ. ಮುನ್‌ಗಿ ಕಣ್ಣು ತೆರೆಯಲಿಲ್ಲ, ಪ್ರಾರ್ಥನೆ ನಿಲ್ಲಿಸಲಿಲ್ಲ. ಎಳೆ ಕಡಿಯಬಾರದು.

ನಾಲ್ಕೂಕಾಲಿಗೆ ಪಾಸ್ಟರ್ ಬಂದು ದೀಪ ಹಾಕಿದರು. ಮುನ್‌ಗಿಯ ಪಕ್ಕಕ್ಕೆ ಹೋಗಿ, ಏನು ಹೊಳೆಯಿತೋ, ಬಗ್ಗಿ ಅವನ ಬೆನ್ನನ್ನು ಎರಡು ಸಲ ತಟ್ಟಿದರು. ಅವನು ಅಲ್ಲೇ ತನ್ನ ದಿಂಬಿನ ಮೇಲೆ ಮಗುಚಿ ಬಿದ್ದು ನಿದ್ದೆ ಹೋದ. ಬೆಳಗಿನ ಪ್ರಾರ್ಥನೆಗೆ ಬಂದ ಮುದುಕಿಯರು ಅವನ ಸುತ್ತಲೂ ಕೂತು ತಮ್ಮ ಪದ್ಧತಿಯಂತೆ ಮೂರು ಸಲ "ಕರ್ತನೇ!" ಎಂದು ಕೂಗಿದರು. ಅವರು ಕೂಗುವ ರೀತಿಗೆ ಸತ್ತವರೂ ಎದ್ದು ಕೂರಬೇಕು. ಅವನು ಮಗ್ಗುಲು ಕೂಡ ಬದಲಿಸಲಿಲ್ಲ.

ಇದಾಗಿ ಹನ್ನೊಂದು ವರ್ಷ. ಮುನ್‌ಗಿ ಬೂಟಿನ ಸದ್ದು ಮತ್ತೆ ಕೇಳಿಲ್ಲ. ಆ ವಾರವೇ ಸೊಕ್‌ಹೊನ ಹೆಂಡತಿಯ ಮನೆಗೆ ಹೋಗಿ ಬುರುಡೆಯ ವಿಷಯ ಹೇಳಿದ. ಅವಳು ಅವನ ಮುಖಕ್ಕೆ ಉಗಿದಳು. ಅದು ನ್ಯಾಯವೇ. ಈಗಲೂ ಅವಳು ಅವನೊಡನೆ ಮಾತಾಡುವುದಿಲ್ಲ. ಸಮುದ್ರಕ್ಕೆ ಅವನು ಮತ್ತೆ ಹೋಗಿಲ್ಲ. ಮಾತ್ರೆ ಈಗ ಅರ್ಧಕ್ಕೆ ಇಳಿದಿದೆ. ಆದರೆ ಮಲಗುತ್ತಾನೆ, ಬದುಕಿದ್ದಾನೆ. ಯಾರಾದರೂ ಭಯ ಎಂದು ಅವನ ಬಳಿ ಬಂದರೆ ಒಂದೇ ಮಾತು ಹೇಳುತ್ತಾನೆ: ನನ್ನ ಕೈಯಿಂದ ಸತ್ತವನೇ ನನಗಾಗಿ ಹದಿನೆಂಟು ರಾತ್ರಿ ಮಂಡಿಯೂರಿ ಕೂತಿದ್ದ, ಇನ್ನು ನಾನು ಯಾರಿಗೆ ಹೆದರಲಿ? ಅವನ ನಿದ್ದೆ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಅದನ್ನು ತೆಗೆದರೆ ಕೆಳಗೆ ಬೇರೇನೂ ಇಲ್ಲ.

ಅದಕ್ಕೇ ಒಂದು ವಿಷಯವನ್ನು ನಾನು ಅವನಿಗೆ ಹೇಳಿಲ್ಲ. ನೀವೂ ಗಾಲ್ಮೆಯ ಕಡೆ ಹೋದರೆ ಹೇಳಬೇಡಿ.

ಆ ಬೆಳಿಗ್ಗೆ ಮುದುಕಿಯರು ಬರುವ ಮುಂಚೆ ನಾನು ಎದ್ದು ಹೋಗಿ ಆ ಎಡಗಡೆಯ ದಿಂಬನ್ನು ನೋಡಿದೆ. ನೆನೆದು ತೊಪ್ಪೆಯಾಗಿತ್ತು. ಒತ್ತಿದರೆ ನೀರು ಬರುತ್ತಿತ್ತು. ಮೇಲೆ ಚಾವಣಿ ನೋಡಿದೆ, ಒಣಗಿತ್ತು. ಸುತ್ತಲಿನ ಹಲಗೆ ಒಣಗಿತ್ತು. ಕೊಳಾಯಿ ಇರುವುದು ಅಡುಗೆಮನೆಯಲ್ಲಿ, ಅದೂ ಹಿಂದಿನ ಸಂಜೆಯಿಂದ ಚಳಿಗೆ ಹೆಪ್ಪುಗಟ್ಟಿತ್ತು. ನಾನು ಸಮುದ್ರದ ಊರಿನವನು, ಹುಟ್ಟಿದಾಗಿನಿಂದ ಸಮುದ್ರದ ನೀರು ಕುಡಿದವನು. ಅಲ್ಲಿ ಕೂತಿದ್ದವನು ಸೊಕ್‌ಹೊ ಆದರೆ ಅದು ಉಪ್ಪುನೀರೇ ಆಗಿರಬೇಕು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ನಂಬಿಕೆಯಾಗದೆ ಇನ್ನೊಂದು ಸಲ ಇಟ್ಟುಕೊಂಡೆ.

ಸಪ್ಪೆ. ಒಂದು ಹರಳು ಉಪ್ಪಿರಲಿಲ್ಲ.